ಸತ್ತರೆ ಸತ್ತೇ ಹೋಗುವ ಆಟ

ನಾವು ಮೂವರು ಅರೆಕಾಲಿಕ ವರದಿಗಾರರು. ಪತ್ರಿಕೆಗಳು ಬೇರೆ ಬೇರೆ, ತಾಲ್ಲೂಕು ಕೇಂದ್ರದಲ್ಲಿ ರೂಮು ಮಾತ್ರ ಒಂದೇ. ಸುದ್ದಿ ಕಳಿಸಿ ಮುಗಿದ ಮೇಲೆ ಫೋನಿನಲ್ಲಿ ಏನಾದರೂ ನೋಡುತ್ತೇವೆ. ಹಾಗೆ ನೋಡಿದ್ದು ‘ಸ್ವೋರ್ಡ್ ಆರ್ಟ್ ಆನ್‌ಲೈನ್’ ಎಂಬ ಜಪಾನಿನ ಅನಿಮೆ. ನಮ್ಮಲ್ಲೊಬ್ಬರ ಅಕ್ಕನ ಮಗ, ಪಿಯುಸಿ ಹುಡುಗ, “ಮಾಮ, ಒಂದ್ಸಲ ನೋಡಿ, ಆಮೇಲೆ ಕಾರ್ಟೂನು ಅಂತ ಬೈಯಿರಿ” ಅಂದಿದ್ದ.

ರೆಕಿ ಕವಾಹರಾ ಬರೆದ ಕಾದಂಬರಿಗಳನ್ನು ಆಧರಿಸಿ 2012ರಲ್ಲಿ ಬಂದ ಸರಣಿ ಇದು. ಮೊದಲ ಭಾಗದಲ್ಲಿ 25 ಕಂತು. ಕಥೆ ಶುರುವಾಗುವುದು 2022ರಲ್ಲಿ. ಹೆಲ್ಮೆಟ್‌ನಂಥ ಯಂತ್ರವನ್ನು ತಲೆಗೆ ಹಾಕಿಕೊಂಡು ಮಲಗಿದರೆ, ಆಟದೊಳಗೇ ಓಡಾಡಬಹುದು. ಮೊದಲ ದಿನ 10,000 ಜನ ಒಳಗೆ ಹೋಗುತ್ತಾರೆ. ಹೊರಗೆ ಬರುವ ಬಟನ್ ಮಾಯವಾಗಿರುತ್ತದೆ. ಆಟ ಮಾಡಿದ ಕಯಾಬ ಆಕಾಶದಲ್ಲಿ ಕಾಣಿಸಿಕೊಂಡು ಹೇಳುತ್ತಾನೆ: 100 ಮಹಡಿಯ ಕೋಟೆಯನ್ನು ಯಾರಾದರೂ ಗೆದ್ದರೆ ಎಲ್ಲರಿಗೂ ಬಿಡುಗಡೆ. ಆಟದಲ್ಲಿ ಸತ್ತರೆ ಯಂತ್ರ ಮೆದುಳನ್ನೇ ಸುಡುತ್ತದೆ. ಮನೆಯವರು ಹೆಲ್ಮೆಟ್ ಕಿತ್ತರೂ ಅದೇ ಗತಿ. ಹಾಗೆ ಆಗಲೇ 213 ಜನ ಸತ್ತಿದ್ದಾರೆ.

213 ಎಂದಾಗ ನಾವೇನೂ ಬೆಚ್ಚಲಿಲ್ಲ. ಸಾವಿನ ಲೆಕ್ಕ ಬರೆಯುವುದೇ ನಮ್ಮ ಕಸುಬು.

ಬೆಚ್ಚಿದ್ದು ಮೂರನೇ ಕಂತಿನಲ್ಲಿ. ನಾಯಕ ಕಿರಿಟೊ ತನ್ನ ಬಲ ಎಷ್ಟೆಂಬುದನ್ನು ಮುಚ್ಚಿಟ್ಟು ಒಂದು ಸಣ್ಣ ಗುಂಪು ಸೇರುತ್ತಾನೆ. ಅಲ್ಲಿ ಸಾಚಿ ಎಂಬ ಹೆದರುಪುಕ್ಕಲು ಹುಡುಗಿ ಇದ್ದಾಳೆ. ‘ನೀನು ಸಾಯುವುದಿಲ್ಲ’ ಎಂದು ಅವಳಿಗೆ ಧೈರ್ಯ ಹೇಳುತ್ತಾನೆ. ಒಂದು ಪೆಟ್ಟಿಗೆ ತೆರೆದ ತಪ್ಪಿಗೆ ಗುಂಪು ಬಲೆಗೆ ಬೀಳುತ್ತದೆ. ಸಾಚಿ ಅವನ ಕಣ್ಣೆದುರೇ ಗಾಜಿನ ಚೂರಾಗಿ ಒಡೆದುಹೋಗುತ್ತಾಳೆ. ಕ್ರಿಸ್‌ಮಸ್ ರಾತ್ರಿ ಅವಳು ಮೊದಲೇ ಮುದ್ರಿಸಿಟ್ಟ ಮಾತು ಅವನಿಗೆ ತಲುಪುತ್ತದೆ. ಅದನ್ನು ಕೇಳುವಾಗ ನಮ್ಮ ರೂಮಿನಲ್ಲಿ ಯಾರೂ ಮಾತಾಡಲಿಲ್ಲ.

ಈ ಸರಣಿಯ ಶಕ್ತಿ ಇದೇ. ಸಾವಿರಾರು ಸಾವಿನ ನಡುವೆ ಒಂದು ಸಾವಿಗೆ ಮುಖ, ದನಿ ಕೊಡುತ್ತದೆ. ಆಟದ ಮೊದಲ ಮಹಡಿಯಲ್ಲಿ ಒಂದು ಕಲ್ಲಿದೆ. ಅದರ ಮೇಲೆ ಅಷ್ಟೂ ಜನರ ಹೆಸರು ಕೊರೆದಿದೆ. ಸತ್ತವರ ಹೆಸರಿನ ಮೇಲೆ ಒಂದು ಗೆರೆ. ಗೆರೆ ಎಳೆದರೂ ಹೆಸರು ಅಲ್ಲೇ ಇರುತ್ತದೆ.

ನಮಗೆ ನೆನಪಾಗಿದ್ದು ಎರಡು ವರ್ಷದ ಹಿಂದಿನ ಒಂದು ಸಂಜೆ. ಕೂಲಿಯವರನ್ನು ತುಂಬಿಕೊಂಡಿದ್ದ ಗೂಡ್ಸ್ ಆಟೊ ಪಲ್ಟಿಯಾಗಿ ನಾಲ್ವರು ಸತ್ತರು. ಇಬ್ಬರ ಹೆಸರು ಸಿಕ್ಕಿತು. ಪುಟ ಮುಗಿಸುವ ಹೊತ್ತಾಗಿತ್ತು. ‘ಇನ್ನಿಬ್ಬರ ಹೆಸರು ತಿಳಿದುಬಂದಿಲ್ಲ’ ಎಂದು ಬರೆದು ಮೂವರೂ ಅದನ್ನೇ ಕಳಿಸಿದೆವು. ಮಾರನೇ ದಿನ ಹೆಸರು ಗೊತ್ತಾದವು. ಸುದ್ದಿ ಹಳತಾಗಿತ್ತು, ನಾವು ಮತ್ತೆ ಕಳಿಸಲಿಲ್ಲ. ವಾರದ ನಂತರ ಒಬ್ಬ ಹಿರಿಯರು ಮಡಚಿದ ಪೇಪರ್ ಹಿಡಿದು ರೂಮಿಗೆ ಬಂದರು. “ಇದ್ರಲ್ಲಿ ನನ್ ಮಗಳು ಎಲ್ಲವ್ಳೆ ಸ್ವಾಮಿ?” ಎಂದರು. ಅವರಿಗೆ ಓದಲು ಬರುತ್ತಿರಲಿಲ್ಲ. ನಾವು ‘ಇನ್ನಿಬ್ಬರ’ ಎಂಬ ಪದದ ಮೇಲೆ ಬೆರಳಿಟ್ಟು ತೋರಿಸಿದೆವು.

ಅದಕ್ಕೇ ಸರಣಿಯ ದೋಷವೂ ನಮಗೆ ಜೋರಾಗಿಯೇ ಚುಚ್ಚಿತು. ಎರಡು ವರ್ಷದ ಸೆರೆವಾಸ 14 ಕಂತಿನಲ್ಲಿ ಮುಗಿದುಹೋಗುತ್ತದೆ. ಸಾಚಿಯ ನಂತರ ಸತ್ತವರು ಬಹುಪಾಲು ಬರೀ ಅಂಕಿ. ಸುಮಾರು 4,000 ಜನ ಹೋಗುತ್ತಾರೆ. ಆದರೆ ಕೊನೆಯ ಕಾಳಗದಲ್ಲಿ ನಾಯಕಿ ಅಸುನಾ ಸತ್ತರೂ ಉಳಿಯುತ್ತಾಳೆ, ಕಿರಿಟೊ ಸತ್ತು ಚೂರಾಗುತ್ತಲೇ ಕಯಾಬನನ್ನು ಇರಿದು ಉಳಿಯುತ್ತಾನೆ. ಸತ್ತರೆ ಸತ್ತೇ ಹೋಗಬೇಕೆಂಬ ನಿಯಮ ಸಾಚಿಗೆ ಮಾತ್ರವೇ? ಇದನ್ನೆಲ್ಲ ಏಕೆ ಮಾಡಿದೆ ಎಂದು ಕೇಳಿದರೆ, ಮರೆತೇ ಹೋಗಿದೆ ಎನ್ನುತ್ತಾನೆ ಕಯಾಬ. ‘ಏಕೆ’ಗೆ ಉತ್ತರವಿಲ್ಲದ ಇಂಥ ವರದಿಯನ್ನು ನಮ್ಮ ಡೆಸ್ಕ್ ವಾಪಸ್ ಕಳಿಸುತ್ತಿತ್ತು.

15ನೇ ಕಂತಿನಿಂದ ಇನ್ನೂ ಕೆಡುತ್ತದೆ. ಕತ್ತಿ ಹಿಡಿದು ಕಿರಿಟೊಗೆ ಸಮನಾಗಿ ಕಾದಾಡಿದ ಅಸುನಾಳನ್ನು ಇನ್ನೊಂದು ಆಟದ ಪಂಜರದಲ್ಲಿ ಕೂರಿಸುತ್ತಾರೆ. ಅವಳ ಮೇಲಿನ ದೌರ್ಜನ್ಯವನ್ನು ಕಣ್ಣಿಗೆ ಹಬ್ಬವೆಂಬಂತೆ ತೋರಿಸುತ್ತಾರೆ. ಮನೆಯಲ್ಲಿ ಮಕ್ಕಳು ನೋಡುತ್ತಿದ್ದರೆ ಈ ಭಾಗದ ಬಗ್ಗೆ ಎಚ್ಚರವಿರಲಿ.

ಹಾಗಂತ ಬೇಡ ಎನ್ನುವುದಿಲ್ಲ. ಆಟದೊಳಗೆ ಜನ ಅಡುಗೆ ಮಾಡುತ್ತಾರೆ, ಮೀನು ಹಿಡಿಯುತ್ತಾರೆ, ಮದುವೆಯಾಗುತ್ತಾರೆ. ಆನ್‌ಲೈನ್ ಸ್ನೇಹವೆಲ್ಲ ಸುಳ್ಳು ಎಂದು ಸರಣಿ ಮೂಗು ಮುರಿಯುವುದಿಲ್ಲ. ಹುಡುಗನಿಗೆ ಇಷ್ಟೇ ಹೇಳಿದೆವು: “14 ಕಂತು ಚೆನ್ನಾಗಿದೆ ಕಣೋ. ಮೂರನೆಯದು ಮರೆಯೋಕಾಗಲ್ಲ.”

ಈಗ ನಮ್ಮ ರೂಮಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ಅಪಘಾತದಲ್ಲಿ ಹೆಸರು ಬಿಟ್ಟುಹೋದರೆ ಅಲ್ಲಿ ಗುರುತು ಹಾಕುತ್ತೇವೆ. ಮಾರನೇ ದಿನ ವಿಚಾರಿಸಿ ಹೆಸರು ಕಳಿಸುತ್ತೇವೆ. ಎಷ್ಟೋ ಸಲ ಡೆಸ್ಕಿನವರು ಹಾಕುವುದಿಲ್ಲ, ಎರಡು ಸಾಲಿಗೆ ಸಂಭಾವನೆಯೂ ಬರುವುದಿಲ್ಲ. ಆದರೂ ಕಳಿಸುತ್ತೇವೆ.

ಆ ಹಿರಿಯರ ಮಗಳ ಹೆಸರು ಹಾಳೆಯ ಮೊದಲ ಸಾಲಿನಲ್ಲಿದೆ. ಪೇಪರಿನಲ್ಲಿ ಮಾತ್ರ ಇವತ್ತಿಗೂ ಬಂದಿಲ್ಲ.