ಸಿಪ್ಪೆ ಭಾಷೆ

ಅಡಿಕೆ ಕೊಯ್ಲು ಶುರುವಾದರೆ ಹೊಸನಗರ ಕಡೆಯ ಅಜ್ಜನ ಮನೆಯಲ್ಲಿ ರಾತ್ರಿ ಯಾರೂ ಬೇಗ ಮಲಗುತ್ತಿರಲಿಲ್ಲ. ಚಪ್ಪರದಡಿ ಮೆಟ್ಟುಗತ್ತಿ ಹಾಕಿಕೊಂಡು ಹೆಂಗಸರು ಅಡಿಕೆ ಸುಲಿಯುತ್ತಿದ್ದರು. ಪಕ್ಕದ ದೊಡ್ಡ ಒಲೆಯ ಮೇಲೆ, ತಾಮ್ರದ ಹಂಡೆಯ ಚೊಗರಿನಲ್ಲಿ ಸುಲಿದದ್ದು ಬೇಯುತ್ತಿತ್ತು. ಒಲೆಗೆ ಕುಂಟೆ ನೂಕುವ ನೆಪದಲ್ಲಿ ನಾವು ಮಕ್ಕಳೂ ಅಲ್ಲೇ. ಆ ಸಲ ಸಾಗರದಿಂದ ಮಾವನ ಮಗ, ತೀರ್ಥಹಳ್ಳಿಯಿಂದ ಚಿಕ್ಕಮ್ಮನ ಮಗಳು ಬಂದಿದ್ದರು.

ಅಟ್ಟದ ಬೆಲ್ಲದ ವಿಚಾರ ದೊಡ್ಡವರೆದುರೇ ಮಾತಾಡಲು ನಮಗೊಂದು ಗುಟ್ಟಿನ ಭಾಷೆ ಬೇಕಿತ್ತು. 'ಕ' ಭಾಷೆ ಊರಿಗೆಲ್ಲ ಗೊತ್ತು. ಅಕ್ಷರಕ್ಕೊಂದು 'ಕ' ಸೇರಿಸಿ 'ಕನೀಕನು ಕಬಾ' ಅಂದರೆ ತೊಟ್ಟಿಲ ಕೂಸೂ ಎದ್ದು ಬಂದೀತು. ಸಾಗರದವನು 'ಕ' ಕಿತ್ತು 'ಝ' ಹಾಕಿದ. ತೀರ್ಥಹಳ್ಳಿಯವಳು ಬೆಲ್ಲಕ್ಕೆ, ಅಟ್ಟಕ್ಕೆ, ಅಜ್ಜಿಗೆ ಹೊಸ ಹೆಸರೇ ಕಟ್ಟಿದಳು. ಭಾಷೆ ತಯಾರಾಯಿತು. ಅದಕ್ಕೇನೆನ್ನುವುದು?

ಕಂಡುಹಿಡಿದವನು ತಾನು, ತನ್ನ ಹೆಸರೇ ಇರಲಿ ಎಂದ ಅವನು. ಮೂರೂರಿನ ಮೊದಲಕ್ಷರ ಸೇರಿಸಿ 'ಸಾಹೋತೀ' ಅನ್ನೋಣ ಎಂದಳು ಅವಳು. 'ಸಾ' ಮೊದಲು ಯಾಕೆ, 'ಹೋ' ಬರಲಿ ಎಂದೆ ನಾನು. ಗಲಾಟೆ ಏರಿತು.

ಅಜ್ಜ ನಕ್ಕರು. "ಹೆಸರಿಟ್ಟವನ ಹೆಸರು ಉಳಿಯೋದು ಕಷ್ಟ ಮಾರಾಯ. ಕೆಳದಿಯ ಸದಾಶಿವ ನಾಯಕನ ಕೆರೆ ಸದಾಶಿವಸಾಗರ. ಜನ ಸದಾಶಿವನನ್ನು ಬಿಟ್ಟರು, ಊರು ಸಾಗರ ಆಯ್ತು. 1763ರಲ್ಲಿ ಹೈದರ್ ಬಿದನೂರು ಗೆದ್ದು ಹೈದರ್‌ನಗರ ಅಂದ. ಹೈದರನನ್ನೂ ಬಿಟ್ಟರು, ನಗರ ಉಳೀತು. ನಮ್ಮ ಹೊಸನಗರದ ಹೆಸರಲ್ಲಿರೋದೂ ಅದೇ ನಗರ."

ಸುಲಿಯುತ್ತಿದ್ದ ಒಬ್ಬಾಕೆ ಕೈ ನಿಲ್ಲಿಸದೆ ಹೇಳಿದಳು: "ಎಂಥ ಮಹಾ ಭಾಷೆ! ಝ ಅನ್ನೋ ಸಿಪ್ಪೆ ಸುಲಿದ್ರೆ ಒಳಗಿರೋದು ನಮ್ಮದೇ ಮಾತು." ಚಪ್ಪರವೆಲ್ಲ ನಗು. ಮರುದಿನದಿಂದ ಕೊನೆಗಾರರಿಗೂ ಅಜ್ಜಿಗೂ ಅದು ಸಿಪ್ಪೆ ಭಾಷೆ. ಎರಡು ದಿನ ಮುನಿಸಿಕೊಂಡಿದ್ದ ನಾವೂ ಹಾಗೇ ಅನ್ನತೊಡಗಿದೆವು. ಬೆಲ್ಲದ ಡಬ್ಬಿ ಮಾತ್ರ ಅಟ್ಟದಿಂದ ಅಜ್ಜಿಯ ಕೋಣೆಗೆ ಹೋಯಿತು.

ಎಷ್ಟೋ ವರ್ಷಗಳ ಮೇಲೆ ಎಸ್ಪೆರಾಂಟೋ ಕಥೆ ಓದಿದೆ. ಪೋಲೆಂಡಿನ ಕಣ್ಣಿನ ವೈದ್ಯ ಜಮೆನ್‌ಹಾಫ್ 1887ರಲ್ಲಿ ವಾರ್ಸಾದಲ್ಲಿ ತನ್ನ ಭಾಷೆಯ ಮೊದಲ ಪುಸ್ತಕ ತಂದ. ಭಾಷೆಯನ್ನು ಅವನು ಕರೆದದ್ದು ಬರೀ 'ಅಂತರರಾಷ್ಟ್ರೀಯ ಭಾಷೆ' ಎಂದು. ಪುಸ್ತಕದ ಮೇಲೆ ತನ್ನ ಹೆಸರು ಮರೆಸಿ, ಆಶೆ ಹೊತ್ತವನು ಎಂಬರ್ಥದಲ್ಲಿ 'ಡಾಕ್ಟರ್ ಎಸ್ಪೆರಾಂಟೋ' ಎಂದು ಹಾಕಿಕೊಂಡಿದ್ದ. ಕಲಿತವರು ಆ ಉದ್ದ ಹೆಸರನ್ನು ಬಿಟ್ಟು ಗುಪ್ತನಾಮವನ್ನೇ ಭಾಷೆಗೆ ಅಂಟಿಸಿದರು. ನಮ್ಮ ಕಡೆ ರಾಜರ ಹೆಸರೇ ಉದುರಿತು, ಅಲ್ಲಿ ವೈದ್ಯನ ಹುಸಿ ಹೆಸರು ನಿಂತಿತು. ಎರಡು ಕಡೆಯೂ ತೀರ್ಮಾನ ಆಡುವವರದ್ದೇ.

ಸಾಗರದವನಿಗೆ ಇದನ್ನು ಹೇಳಿದರೆ ಈಗಲೂ ಒಪ್ಪುವುದಿಲ್ಲ. ಅವತ್ತೇ ಒಂದು ಸುಳ್ಳು ಹೆಸರಲ್ಲಿ ಪುಸ್ತಕ ಅಚ್ಚು ಹಾಕಿಸಿಬಿಡಬೇಕಿತ್ತು ಅನ್ನುತ್ತಾನೆ.