ಎರೆಭೂತನ ಊರಿನಲ್ಲಿ ಒಂದು ಮುಂಜಾವು

ಚೈತ್ರ ಬಂತೆಂದರೆ ನಮ್ಮ ಕಡೆ ಬೆಳಗಿನ ಶಾಲೆ. ಸೋಲಾಪುರದ ಬಿಸಿಲು ಹತ್ತು ಗಂಟೆಗೇ ನೆತ್ತಿ ಸುಡುತ್ತದೆ. ಇಂಥ ದಿನಗಳಲ್ಲಿ ಹೂವು, ಹುಳ, ಹಕ್ಕಿ ನೋಡಲು ಹೊರಟಿದ್ದೇವೆ ಎಂದರೆ ನಗುವವರೇ ಹೆಚ್ಚು. ಆದರೂ ಪ್ರತಿ ವರ್ಷ ಒಂದು ಭಾನುವಾರ ನಾವು ಏಳನೆಯ ತರಗತಿಯ ಮಕ್ಕಳೊಂದಿಗೆ ನಾನ್ನಜ್ ಅಭಯಾರಣ್ಯಕ್ಕೆ ಹೋಗುತ್ತೇವೆ. ಸೋಲಾಪುರದಿಂದ ಬಾರ್ಶಿ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್. ಅಕ್ಕಲಕೋಟ ಕಡೆಯಿಂದ ಹೊರಡುವ ನಾವು ನಸುಕಿನ ನಾಲ್ಕಕ್ಕೇ ಟೆಂಪೊ ಹತ್ತಬೇಕು. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ.

ಅಭಯಾರಣ್ಯ ಎಂದ ಕೂಡಲೇ ಮಕ್ಕಳ ಕಣ್ಣಿಗೆ ಬರುವುದು ದಟ್ಟ ಕಾಡು. ಇಲ್ಲಿರುವುದು ಮಡ್ಡಿ! ಒಣಹುಲ್ಲು, ಕಲ್ಲು, ಅಲ್ಲೊಂದು ಇಲ್ಲೊಂದು ಬೇವು, ಜಾಲಿ. "ಸರ್, ಇದು ನಮ್ಮೂರ ಮಡ್ಡಿ ಇದ್ದಂಗ ಐತಲ್ರೀ?" ಎಂದು ಈ ಸಲವೂ ಒಬ್ಬ ಕೇಳಿದ. ಹೌದಪ್ಪ, ಹಾಗೇ ಇದೆ. ಯಾವುದಕ್ಕೂ ಬಾರದ ನೆಲ ಎಂದು ನಾವೆಲ್ಲ ಅನ್ನುವ ಇಂಥ ಜಾಗವನ್ನೇ ಒಂದು ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯ ಮಾಡಿದರು.

ಹೂವಿನ ಲೆಕ್ಕ ದೊಡ್ಡದೇನಲ್ಲ. ಬೇವಿನ ಹೂ ಉದುರಿ ನೆಲ ಬೆಳ್ಳಗಾಗಿತ್ತು, ತಂಗಡಿ ಹಳದಿ ಹೊತ್ತು ನಿಂತಿತ್ತು. ಆದರೆ ಒಂದು ಎಕ್ಕೆ ಗಿಡದ ಮುಂದೆಯೇ ಅರ್ಧ ತಾಸು ಕಳೆದೆವು. ಹೂವಿಗೆ ದಪ್ಪನೆಯ ಕರಿ ದುಂಬಿ ಗುಂಯ್ಯೆನ್ನುತ್ತ ಬರುತ್ತಿತ್ತು. ಎಲೆಯ ಕೆಳಗೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳ, ಮೈಮೇಲೆ ಮೂರು ಜೋಡಿ ಕರಿ ಕೋಡು. ಎಕ್ಕೆಯ ಹಾಲಿನ ವಿಷ ಈ ಹುಳಕ್ಕೆ ಏನೂ ಮಾಡುವುದಿಲ್ಲ. ಆ ವಿಷ ಮೈಯಲ್ಲೇ ಉಳಿದು, ಮುಂದೆ ಕಿತ್ತಳೆ ಬಣ್ಣದ ಚಿಟ್ಟೆಯಾದಾಗಲೂ ಹಕ್ಕಿಗಳು ಅದರ ಗೊಡವೆಗೆ ಹೋಗುವುದಿಲ್ಲ. "ಶಿವಪ್ಪನ ಹಂಗ" ಎಂದಳು ಒಬ್ಬಾಕೆ. ಇದಕ್ಕಿಂತ ಚೆನ್ನಾಗಿ ನಾವು ಹೇಳಿಕೊಡಲಾರೆವು.

ತಲೆಯೆತ್ತಿದರೆ ನೆಲಗುಬ್ಬಿ. ಗಂಡು ಪಟಪಟನೆ ಮೇಲೇರಿ, ರೆಕ್ಕೆ ಮುಚ್ಚಿ ಸಿಳ್ಳು ಹಾಕುತ್ತ ಕಲ್ಲಿನಂತೆ ಬೀಳುತ್ತದೆ. ಬಿತ್ತು ಎನ್ನುವಷ್ಟರಲ್ಲಿ ಮತ್ತೆ ಮೇಲೆ! ದೂರದಲ್ಲಿ ಚಿಗರಿ ಹಿಂಡು, ನಮ್ಮ ಸುಳಿವು ಸಿಕ್ಕಿ ಟಿಟ್ಟಿಭದ ಬೈಗುಳ.

ಆ ಒಂದು ಹಕ್ಕಿ? ಕಾಣಲಿಲ್ಲ. ಹಿಂದಿನ ವರ್ಷವೂ ಕಂಡಿರಲಿಲ್ಲ. ಫಲಕದಲ್ಲಿರುವ ಚಿತ್ರ ನೋಡಿ ಮಕ್ಕಳು "ಮಾಳಢೋಕ್" ಎಂದು ಮರಾಠಿ ಹೆಸರು ಓದಿದರು. ಒಂದು ಮೀಟರ್ ಎತ್ತರ, ಗಂಡಾದರೆ 15 ಕಿಲೋವರೆಗೆ ತೂಕ, ಸಾಮಾನ್ಯವಾಗಿ ಬಯಲು ನೆಲದ ಮೇಲೆ ಒಂದೇ ಮೊಟ್ಟೆ. ಕಣ್ಣುಗಳು ತಲೆಯ ಪಕ್ಕಕ್ಕಿರುವುದರಿಂದ ಎದುರಿಗಿರುವ ವಿದ್ಯುತ್ ತಂತಿ ಸರಿಯಾಗಿ ಕಾಣದೆ ಬಡಿದು ಸಾಯುತ್ತದೆ. ಹುಲ್ಲುಗಾವಲು ಹೊಲವಾಯಿತು, ಅಭಯಾರಣ್ಯದ ಹರವೂ ಕಡಿತವಾಗಿ ಸುಮಾರು 1,200 ಚದರ ಕಿಲೋಮೀಟರಿಗೆ ಬಂತು. ಈಗ ಉಳಿದ ಹಕ್ಕಿಗಳಲ್ಲಿ ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಕಡೆ. ಅಲ್ಲಿ 2019ರಿಂದ ಮೊಟ್ಟೆ ತಂದು ಮರಿ ಮಾಡಿಸಿ ಸಾಕುತ್ತಿದ್ದಾರೆ.

ಮರಾಠಿಯಲ್ಲಿ ಮಾಳದ ಹಕ್ಕಿ, ಕನ್ನಡದಲ್ಲಿ ಎರೆಯ ಹಕ್ಕಿ, ಎರೆಭೂತ. ಒಂದೇ ಹಕ್ಕಿಗೆ ಒಬ್ಬರು ಮಡ್ಡಿಯ ಹೆಸರಿಟ್ಟರು, ಇನ್ನೊಬ್ಬರು ಕರಿನೆಲದ ಹೆಸರಿಟ್ಟರು. ಮೂವತ್ತು ಮಕ್ಕಳಲ್ಲಿ ಕನ್ನಡದ ಹೆಸರು ಕೇಳಿದ್ದವನು ಒಬ್ಬನೇ. "ನಮ್ಮ ಮುತ್ಯಾ ಅಂತಾನ್ರೀ" ಎಂದ.

ಮರುದಿನ ಸಂಜೆ ನಾವು ಆ ಮುತ್ಯಾನ ಮನೆಗೇ ಹೋದೆವು. "ಜ್ವಾಳದ ಹೊಲದಾಗ ಕುರಿಮರಿ ನಿಂತಂಗ ನಿಂತಿರತಿತ್ತು. ನಾವು ಹತ್ರ ಹೋದ್ರ ಹಾರತಿದ್ದಿಲ್ಲ, ಸುಮ್ಮ ನಡಕೋತ ಹೋಗತಿತ್ತು" ಎಂದರು. ಕೂಗು ಹೇಗಿತ್ತು ಎಂದು ಮಕ್ಕಳು ಕೇಳಿದಾಗ ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎರಡೂ ಕೈ ಬಾಯಿಗೆ ಬೊಗಸೆ ಹಿಡಿದು, ಎದೆಯೊಳಗಿಂದ "ಹೂಂ... ಹೂಂ..." ಎಂದರು. ಕಟ್ಟೆಯ ಕೆಳಗೆ ಕಟ್ಟಿದ್ದ ಆಡು ತಲೆಯೆತ್ತಿ ನೋಡಿತು.

ಆ ದನಿಯನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೇವೆ. ಜೂನಿನಲ್ಲಿ ಶಾಲೆ ತೆರೆದಾಗ ಹೊಸ ಏಳನೆಯವರಿಗೆ ಕೇಳಿಸುತ್ತೇವೆ.