ಕಡಿದ ದಿನದ ಲೆಕ್ಕ

ರಾತ್ರಿ 2 ಗಂಟೆ. ವಡೋದರಾದ ಮಕರ್‌ಪುರಾದಲ್ಲಿ ಜುಲೈ ಮಳೆ ತಗಡಿನ ಮಾಡಿನ ಮೇಲೆ ಜಲ್ಲಿ ಸುರಿದಂತೆ ಬೀಳುತ್ತಿದೆ. 1990ರ ದಶಕದ ಈ ಕಾರ್ಖಾನೆಯಲ್ಲಿ, ಧಾರವಾಡದಿಂದ ಬಂದ ಎಂಜಿನಿಯರ್ ನೀವು, ರ‍್ಯಾಕಿನ ಮುಂದೆ ಮಂಡಿಯೂರಿದ್ದೀರಿ. ಒದ್ದೆ ಗೋಣಿ, ಬಿಸಿ ಪ್ಲಾಸ್ಟಿಕ್ ಬೆರೆತ ವಾಸನೆ ಮೂಗಿಗೆ ಅಡರುತ್ತಿದೆ.

ಕಂಪ್ಯೂಟರ್‌ಗಳನ್ನು ಉಂಗುರದಂತೆ ಜೋಡಿಸಿದ ಟೋಕನ್ ರಿಂಗ್ ಜಾಲ ನಿಂತುಹೋಗಿದೆ. 3 ಬೈಟಿನ ಪುಟ್ಟ ಟೋಕನ್ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಸುತ್ತುತ್ತಿರಬೇಕು. ಅದು ಕೈಗೆ ಬಂದವರಿಗಷ್ಟೇ ಮಾತಾಡುವ ಹಕ್ಕು. ಈಗ ಅದು ಯಾರ ಬಳಿಯೂ ಇಲ್ಲ. ಆಫೀಸಿನ ಒಂದು ಯಂತ್ರ ಮಾತ್ರ, ಹಿಂದಿನವನಿಂದ ಏನೂ ಬರುತ್ತಿಲ್ಲವೆಂದು ಬಿಡದೆ ಬೀಕನ್ ಕಳಿಸುತ್ತಿದೆ. ಆ ಹಿಂದಿನವನಿರುವುದು ಲ್ಯಾಬ್ ಕಟ್ಟಡದಲ್ಲಿ. ನಡುವೆ 40 ಮೀಟರ್ ತಾಮ್ರದ ಕೇಬಲ್.

"ಸಾಹೇಬ್, ಪಾಣಿ!" ಹುಡುಗ ಬಾಗಿಲಲ್ಲಿ ನೀರು ಸುರಿಸುತ್ತ ನಿಂತಿದ್ದಾನೆ. ಕೇಬಲ್ ಚರಂಡಿ ತುಂಬಿದೆ.

ಎರಡೂ ತುದಿಯ ಪ್ಲಗ್ ಕೀಳಬೇಕು. ಕಿತ್ತರೆ ಐಬಿಎಂನ ಈ ಕಪ್ಪು ಕನೆಕ್ಟರ್ ತನ್ನೊಳಗೇ ಕೂಡಿಕೊಳ್ಳುತ್ತದೆ. ಸಂಕೇತ ಅಲ್ಲಿಂದ ಹೊರಳಿ, ಉಳಿದ ಕೇಬಲ್‌ಗಳ ಬಿಡುವಿನ ಜೋಡಿಯಲ್ಲಿ ಬಂದ ದಾರಿಗೇ ಮರಳುತ್ತದೆ. ದಾರಿ ಉದ್ದವಾಗುತ್ತದೆ. ತಲುಪೀತೇ?

ಹೋದ ವರ್ಷ ಪೆನ್ಸಿಲ್ಲಿನಲ್ಲಿ ಮಾಡಿದ ಲೆಕ್ಕ ನೆನಪಾಗುತ್ತದೆ. ಆಫೀಸಿನಿಂದ ಉಗ್ರಾಣಕ್ಕೆ 120, ಅಲ್ಲಿಂದ ಲ್ಯಾಬಿಗೆ 90, ಲ್ಯಾಬಿನಿಂದ ಆಫೀಸಿಗೆ 40. ಒಟ್ಟು 250ರಲ್ಲಿ ಅತಿ ಗಿಡ್ಡದ್ದನ್ನು ಕಳೆ: 210. ಗಿಡ್ಡದ್ದು ಕಡಿದರೇ ತಾನೆ ಉಳಿಯುವ ದಾರಿ ಎಲ್ಲಕ್ಕಿಂತ ಉದ್ದ! ಅದಕ್ಕೆ ಅತಿ ದೂರದ ಮೇಜಿನ 60 ಮೀಟರ್ ಕೂಡಿಸಿದರೆ 270. ವೇಗ 4 ಮೆಗಾಬಿಟ್ ಸಾಲದು, 16 ಬೇಕೆಂದು ಹಟ ಹಿಡಿದವರಿದ್ದರು. 16ಕ್ಕೆ ಹೋದರೆ ತಾಮ್ರದ ಮೇಲೆ ಸಂಕೇತ ಓಡಬಲ್ಲ ದೂರ ತೀರಾ ಕುಗ್ಗುತ್ತದೆ. ಅವತ್ತು ನೀವು ಬಗ್ಗಲಿಲ್ಲ.

ಇಂಟರ್‌ಕಾಮಿನಲ್ಲಿ ಹುಡುಗನ ದನಿ: ಲ್ಯಾಬಿನ ತುದಿಯಲ್ಲಿ ಸಿದ್ಧ, ಇನ್ನೂ ಕಿತ್ತಿಲ್ಲ. ನೀವು ಕೈ ಚಾಚುತ್ತೀರಿ. ಕೇಬಲ್ಲಿನ ಲೋಹದ ಜಾಲರಿಗೆ ಬೆರಳು ತಾಗಿದ್ದೇ ಮೊಣಕೈವರೆಗೆ ಜುಮ್ಮೆನ್ನುತ್ತದೆ. ಎರಡು ಕಟ್ಟಡ, ಎರಡು ಅರ್ತಿಂಗ್. ಅವುಗಳ ನಡುವಿನ ವ್ಯತ್ಯಾಸ ಈ ಜಾಲರಿ ಹಿಡಿದು ಹರಿಯುತ್ತಿದೆ. ಎದೆ ಡವಡವ. ಬಿಡಲೇ? ಕರವಸ್ತ್ರ ಸುತ್ತಿ, ಉಸಿರು ಬಿಗಿಹಿಡಿದು ಎಳೆಯುತ್ತೀರಿ. ಆ ತುದಿಯನ್ನು ಹುಡುಗ ಕೀಳುತ್ತಾನೆ.

ಮಳೆ. ಮತ್ತೂ ಮಳೆ.

ಟಕ್. ಪೆಟ್ಟಿಗೆಯೊಳಗೆ ಒಂದು ರಿಲೇ. ಟಕ್, ಟಕ್. ಕಂಪ್ಯೂಟರ್‌ಗಳು ಒಂದೊಂದಾಗಿ ಉಂಗುರಕ್ಕೆ ಮರಳುತ್ತಿವೆ. ನೀವು ನೆಲದ ಮೇಲೇ ಕೂತುಬಿಡುತ್ತೀರಿ.

ಬೆಳಿಗ್ಗೆ, ಅಹಮದಾಬಾದಿನಿಂದ ಸೂರತ್ತಿಗೆ ಹೊರಟಿದ್ದ ಫೈಬರ್ ಸುರುಳಿಯನ್ನು ದಾರಿಯಲ್ಲೇ ಇಳಿಸಿಕೊಳ್ಳುತ್ತೀರಿ. ಸೂರತ್ತಿನ ಕೆಲಸ ತಡವಾಗುತ್ತದೆ, ಆ ಮಾತು ನೀವೇ ಕೇಳಬೇಕು. 2 ಕಿಲೋಮೀಟರ್ ಓಡಬಲ್ಲ ಎಳೆಯನ್ನು 40 ಮೀಟರಿಗೆ ಹಾಕುವುದು ದುಂದಲ್ಲವೇ ಎಂದು ಲೆಕ್ಕಪತ್ರದವರು ಕೇಳುತ್ತಾರೆ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ ಸರ್, ಅನ್ನುತ್ತೀರಿ. ಮೊಣಕೈ ಇನ್ನೂ ಜೋಮು ಹಿಡಿದಿದೆ.

ಎಳೆಯ ತುದಿಯನ್ನು ನುಣುಪು ಹಾಳೆಯ ಮೇಲೆ ಎಂಟರ ಆಕಾರದಲ್ಲಿ ಉಜ್ಜುತ್ತೀರಿ. ಸ್ಪಿರಿಟ್ಟಿನ ವಾಸನೆ. ಕತ್ತರಿಸಿದ ಗಾಜಿನ ಚೂರೊಂದು ಹೆಬ್ಬೆರಳಿಗೆ ನಾಟಿದೆ. ಕಣ್ಣಿಗೆ ಕಾಣದು, ಒತ್ತಿದರೆ ಉರಿ. ಇನ್ನೂ ಯಾವ ಪೆಟ್ಟಿಗೆಗೂ ಜೋಡಿಸಿಲ್ಲವೆಂದು ಎರಡು ಸಲ ಕೇಳಿ ಖಚಿತ ಮಾಡಿಕೊಳ್ಳುತ್ತೀರಿ. ಲ್ಯಾಬಿನಲ್ಲಿ ಹುಡುಗ ಟಾರ್ಚ್ ಹಿಡಿಯುತ್ತಾನೆ. ಇಲ್ಲಿ, ನಿಮ್ಮ ಅಂಗೈಯ ಕತ್ತಲಲ್ಲಿ, ಸಾಸಿವೆಗಿಂತ ಚಿಕ್ಕದೊಂದು ಬೆಳಕಿನ ಚುಕ್ಕೆ.

"ಬಂತು," ಅನ್ನುತ್ತೀರಿ, ಕನ್ನಡದಲ್ಲೇ. ಹುಡುಗನಿಗೆ ಅರ್ಥವಾಗುತ್ತದೆ.